ಮೂರನೇ ರೂಪ

ಲೈಟ್ ಹೋಗಿ ತಾಸಾತು.
ಘೊಂಗಡೆ ವಸ್ತಿಯ ಮಗ್ಗೆಲ್ಲಾ ಬಾಯಿ ಮುಚ್ಚಿ ನಿಂತಾವ.
ಟಾವೆಲಿನ ಗಂಟಿಗೆ ಬೆನ್ನು ಕೊಟ್ಟು,
ಮೊಬೈಲಿನ ಬೆಳಕಿನಾಗ, ಏಳನೇ ಇಯತ್ತೆಯ ಸ್ನೇಹಲ
ಇಂಗ್ಲಿಷಿಂದೊಂದು ಶಬ್ದ ಹಿಡಕೊಂಡು ಕುಂತಾಳ:
ರನ್.
‘ಹತ್ತು ಅರ್ಥ ಬರ್ಕೊಂಡು ಬರ್ರಿ ಅಂದಾರವ್ವಾ,
ನನಗ ಒಂದಽ ಗೊತ್ತದ.’

ಓಡು. ಅದೊಂದು ನನಗೂ ಗೊತ್ತದ.
ಕಿನಾರಕ್ಕ ಹೊಲಿಗಿ ಹಾಕ್ಕೋತಽ ಅಂದೆ:
ಕಾಲಿದ್ದವರಽ ಓಡ್ತಾರಂತ ಯಾರು ಹೇಳಿದ್ರು?
ಮಗ್ಗ ಓಡ್ತದ. ಕಿರಾಣಿ ಅಂಗಡಿ ಓಡ್ತದ, ಒಮ್ಮೊಮ್ಮೆ.
ಹರಿದ ಹತ್ತರ ನೋಟು ಓಡೂದಿಲ್ಲ.
ನಿಮ್ಮ ಕಾಶಿ ಚಿಗವ್ವ ಓಡಿಹೋದಳು,
ಅದೊಂದು ಬರೀಬ್ಯಾಡ.

ಓಣ್ಯಾಗಿನ ಹುಡುಗರು ‘ಪಳ, ಪಳ’ ಅಂತಾವ,
ಮಗ್ಗಲಮನಿ ರಾಜಮಣಿ ‘ಪರುಗು’ ಅಂತಾಳ.
ನಾಯಿ ಬೆನ್ನು ಹತ್ತಿತಂದ್ರ
ಎಲ್ಲಾರೂ ಒಂದಽ ಭಾಷಾದಾಗ ಓಡ್ತಾರ.

ಇಂಗ್ಲಿಷಿನಾಗ ಮೂಗು ಓಡ್ತದಂತ. ನಮ್ಮಲ್ಲಿ ಸುರೀತದ.
ನಳದ ನೀರೂ ಓಡ್ತದಂತ.
ನಮ್ಮ ನಳಕ್ಕ ಆ ಇಂಗ್ಲಿಷ್ ಯಾರೂ ಕಲಿಸಿಲ್ಲ,
ಐದು ದಿನಕ್ಕೊಮ್ಮೆ ಬರೇ ಕೆಮ್ಮತದ.

‘ಬಣ್ಣ ಓಡೂದು’ ಅಂದಳು.
ಸೂಜಿ ಬೆರಳಿಗೆ ಚುಚ್ಚಿತು.
ನಾವು ಬಣ್ಣ ಬಿಡ್ತದ ಅಂತೀವಿ.
ಹ್ವಾದ ದೀಪಾವಳಿ ಮುಂದ
ಕೆಂಪು ಕಿನಾರ ಬಿಳೇ ಮೈಯಾಗ ಇಳದು
ನಲವತ್ತು ಡಜನ್ ಟಾವೆಲ್ ಗುಲಾಬಿ ಆದ್ವು.
ಬಣ್ಣಕ್ಕ ಅದ್ದಿದವ ಯಾರೋ,
ಶೇಠ್ ಕತ್ತರಿ ಹಾಕಿದ್ದು ನಿಮ್ಮಪ್ಪನ ಪಗಾರಕ್ಕ.
ಅದು ಓಡಿತ್ತೋ, ಬಿಟ್ಟಿತ್ತೋ,
ನಾವು ಇನ್ನಾ ಆ ಗುಲಾಬಿಗೇ ಮಾರಿ ಒರಸ್ತೀವಿ.

ಈಗ ಬಾಲ ಹಚ್ಚಾಕ ಹತ್ಯಾಳ:
ಔಟ್ ಹಚ್ಚಿದರ ತೀರೂದು. ಇನ್‌ಟು ಹಚ್ಚಿದರ ಅಚಾನಕ ಭೆಟ್ಟಿ.
ಓವರ್ ಹಚ್ಚಿದರ ಗಾಡಿ ಮೈಮ್ಯಾಲೆ ಹಾಯೂದು.
‘ಎತ್ತು ಒಂದಽ, ಬಾಲ ಬದಲಾದ್ರ ಬ್ಯಾರೆ ದನ ಏನವ್ವಾ?’
ನನಗೇನು ಗೊತ್ತು. ಎಣ್ಣಿ ಡಬ್ಬಿ ಅಲ್ಲಾಡಿಸಿ ನೋಡಿದೆ,
ಹೌದು ಮತ್ತ. ಎಣ್ಣಿ ಓಡಿಹೋಗ್ಯದ,
ಕಾಶಿ ಜೋಡಿನಽ ಹೋದಂಗದ.

ಆಮ್ಯಾಲೆ ಮೆಲ್ಲಗ ಓದಿದಳು:
‘ಮನೆತನದಾಗ ಓಡೂದು.’
ಅಜ್ಜಗ ಕಿವಿ ಇರಲಿಲ್ಲ. ಅಪ್ಪ ಟಿವಿ ಓಣಿಗೆಲ್ಲಾ ಕೇಳಸ್ತಾನ.
‘ನಮ್ಮನ್ಯಾಗ ಕಿವುಡು ಓಡ್ತದೇನವ್ವಾ?’
ಇಲ್ಲ ಮಗಾ.
ಓಡೂದು ಮಗ್ಗ.
ನಾವು ಅದರ ಮುಂದ ನಿಂತಿರತೀವಿ, ಅಷ್ಟಽ.

ಪುಸ್ತಕದಾಗ ಒಂದು ವಾಕ್ಯ ಅದ:
ಎರಡು ರಾಜ್ಯದ ನಡುವ ಗಡಿ ಓಡ್ತದಂತ.
ನಕ್ಕೆ.
ಇಂಡಿ ಕಡೆ ತವರಿಗೆ ಹೋಗೂಮುಂದ
ಬಸ್ಸು ಓಡ್ತದ, ಕಿಡಕಿ ಆಚೆ ಜಾಲಿ ಓಡ್ತಾವ,
ಸುಣ್ಣ ಬಳಕೊಂಡು ಕುಂತ ಕಲ್ಲೊಂದಽ
ಎಲ್ಲೂ ಹೋಗೂದಿಲ್ಲ.
ಅದನ್ನ ನೋಡಿದಾಗ ಟಾವೆಲಿನ ಅಂಚು ಮಡಚಿ
ಹೊಲದುಬಿಡಬೇಕು ಅನಸ್ತದ.

ಅಷ್ಟರಾಗ ಲೈಟ್ ಬಂತು.
ಓಣಿ ತುಂಬ ಲಾಳಿ ಹೊಡಕೊಳ್ಳಾಕ ಹತ್ತಿದ್ವು.
ಆಕಿ ಮೂರು ರೂಪ ಬಾಯಿಪಾಠ ಮಾಡತಾಳ,
ನನಗ ಕೇಳಸೂದಿಲ್ಲ.
ಆಕಿಗೆ ಹೇಳಿಲ್ಲ, ಎರಡು ವರ್ಷಾತು,
ಮಗ್ಗ ನಿಂತಾಗೂ ನಾ ತುಟಿ ನೋಡಿಽ ಕೇಳತೀನಿ.
ಮೊದಲನೇದಕ್ಕ ಬಾಯಿ ಜರಾ ತೆರೀತದ.
ಎರಡನೇದಕ್ಕ ದವಡಿ ಪೂರಾ ಇಳೀತದ: ಹೋದ ಕಾಲ.
ಮೂರನೇದಕ್ಕ ಮತ್ತ ಮೊದಲಿನ ಬಾಯೇ.
ತಪ್ಪಾತು ಅಂತ ಕೈ ಮಾಡಿದೆ.
ತಲಿ ಅಲ್ಲಾಡಿಸಿ ಪುಸ್ತಕ ಮುಂದ ಹಿಡಿದಳು.
ರನ್, ರ‍್ಯಾನ್, ರನ್.
ಹೋಗಿ, ಮುಟ್ಟಿ, ತಿರುಗಿ ಇದ್ದಲ್ಲಿಗೇ.
ಇದನ್ನ ಲಾಳಿ ಹೇಳಿತ್ತು ನನಗ,
ಹೆಸರು ಹೇಳಿರಲಿಲ್ಲ.

ಒಂಬತ್ತು ಆದ್ವು. ಹತ್ತನೇದಕ್ಕ
ಕೈ ಅಡ್ಡ ಹಿಡಿದು ಏನೋ ಬರದಳು.
ನಾ ಕೇಳಲಿಲ್ಲ.
ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು,
ಎರಡಽ ಅಕ್ಷರ,
ಕಾಶಿ ಅಂದಂಗ.